ಮದ್ದು ಅರೆದದ್ದು, ಮದ್ದು ತುಂಬಿದ್ದು

ಖಾಲಿ ತೋಟಾಕ್ಕೆ ಹೊಸ ಕೇಪು ಹಾಕಿ, ಮದ್ದು ತೂಗಿ ತುಂಬಿ, ಮೇಲೆ ಗುಂಡು ಕೂರಿಸುವ ಕೆಲಸವನ್ನು ಅಮೆರಿಕದ ರೈಫಲ್ ಹವ್ಯಾಸಿಗಳು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಅದಕ್ಕೆಂದೇ ಹಳೆಯ ಗ್ರಂಥಗಳ ದೊಡ್ಡ ಸಾಲೊಂದು ಅಲ್ಲಿದೆ. ಫಿಲಿಪ್ ಶಾರ್ಪ್ ಅವರ ‘ಕಂಪ್ಲೀಟ್ ಗೈಡ್ ಟು ಹ್ಯಾಂಡ್‌ಲೋಡಿಂಗ್’ 1937ರದು, ಜೂಲಿಯನ್ ಹ್ಯಾಚರ್ ಅವರ ‘ಹ್ಯಾಚರ್ಸ್ ನೋಟ್‌ಬುಕ್’ 1947ರದು. ಪಿ.ಒ. ಆ್ಯಕ್ಲಿ ಎಂಬ ಕೋವಿ ಕಸುಬಿನವರಂತೂ ಮದ್ದು ಏರಿಸುತ್ತ ಹೋಗಿ, ರೈಫಲ್‌ಗಳು ಎಲ್ಲಿ ಒಡೆಯುತ್ತವೆಂದು ಬೇಕೆಂದೇ ಒಡೆದು ನೋಡಿ, ಅದನ್ನು 1960ರ ದಶಕದಲ್ಲಿ ಪುಸ್ತಕವಾಗಿಸಿದರು. ಇವುಗಳಲ್ಲಿ ಬೇಟೆಯ ರೋಚಕತೆಯನ್ನು ಹುಡುಕಿ ಹೋದವರಿಗೆ ನಿರಾಸೆಯಾಗುತ್ತದೆ. ಪುಟ ಪುಟಕ್ಕೂ ಕೋಷ್ಟಕ. ಯಾವ ಮದ್ದು, ಎಷ್ಟು ಗ್ರೇನ್, ಅದಕ್ಕಿಂತ ಅರ್ಧ ಗ್ರೇನ್ ಹೆಚ್ಚಾದರೆ ಏನಾಗುತ್ತದೆ. ಗ್ರೇನ್ ಎಂದರೆ ಮೂಲದಲ್ಲಿ ಒಂದು ಬಾರ್ಲಿ ಕಾಳಿನ ತೂಕ, ಈಗಿನ ಲೆಕ್ಕದಲ್ಲಿ ಸುಮಾರು 65 ಮಿಲಿಗ್ರಾಂ. ಇಂಗ್ಲಿಷ್ ಔಷಧದ ಅಂಗಡಿಯವರು ಪುಡಿ ತೂಗುತ್ತಿದ್ದದ್ದೂ ಇದೇ ಕಾಳಿನಲ್ಲಿ.

ಕನ್ನಡಿಗರಿಗೆ ಈ ನಂಟು ಹೊಸದಲ್ಲ. ಪಂಡಿತರು ಅರೆಯುವುದೂ ಮದ್ದೇ, ಕೋವಿಗೆ ತುಂಬುವುದೂ ಮದ್ದೇ.

ಹಳಗನ್ನಡದಲ್ಲಿ ಇದು ‘ಮರ್ದು’. ‘ಇರ್ದು’ ‘ಇದ್ದು’ ಆದ ದಾರಿಯಲ್ಲೇ ರಕಾರ ಕಳೆದುಕೊಂಡು ‘ಮದ್ದು’ ಆಯಿತು. ತುಳುವಿನಲ್ಲಿ ಆ ರಕಾರ ಇವತ್ತಿಗೂ ಗಟ್ಟಿಯಾಗಿದೆ. ತಮಿಳಿನ ಮರುಂದು, ಮಲಯಾಳದ ಮರುನ್ನು, ತೆಲುಗಿನ ಮಂದು ಎಲ್ಲ ಒಂದೇ ಬಳಗ. ಈ ಬಳಗ ಬೇರೆ ಬೇರೆ ಮನೆ ಹೂಡಿ ಶತಮಾನಗಳಾದ ಮೇಲೆ ಸಿಡಿಯುವ ಪುಡಿ ದಕ್ಷಿಣಕ್ಕೆ ಬಂತು. ಆದರೂ ಎಲ್ಲರೂ ಅದಕ್ಕೆ ಔಷಧದ ಹೆಸರನ್ನೇ ಕೊಟ್ಟರು. ಪುಡಿ ಹುಟ್ಟಿದ ಚೀನಾದಲ್ಲೂ ಅದು ‘ಹುವೋ ಯಾವ್’, ಬೆಂಕಿಯ ಔಷಧ. ಅಲ್ಲಿ ಅದರ ಪಾಕವನ್ನು ಬರೆದಿಟ್ಟ ಸೇನಾಗ್ರಂಥ 1044ರದು. ಪಾರಸಿಯ ‘ದಾರು’ ಔಷಧ. ಮರಾಠಿಗೆ ಬಂದ ‘ದಾರೂ’ ಕೋವಿಯ ಮದ್ದೂ ಹೌದು, ಹೆಂಡವೂ ಹೌದು. ಇಷ್ಟು ಕಂಡೊಡನೆ ‘ಒಬ್ಬರನ್ನು ನೋಡಿ ಇನ್ನೊಬ್ಬರು ಅನುವಾದಿಸಿದರು’ ಎಂದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲು, ಈ ಮೂರನ್ನು ಬೇರೆಬೇರೆ ಪಾಲಿನಲ್ಲಿ ತೂಗಿ, ಕುಟ್ಟಿ, ಜರಡಿ ಹಿಡಿಯುವುದನ್ನು ಮೊದಲ ಸಲ ಕಂಡವರಿಗೆ ಪಂಡಿತರ ಜಗಲಿಯಲ್ಲದೆ ಬೇರೇನು ನೆನಪಾಗಬೇಕು? ಗಂಧಕವಂತೂ ರಸವೈದ್ಯರ ಗೂಡಿನಲ್ಲಿ ಮೊದಲೇ ಇತ್ತು. ಸಂಸ್ಕೃತದ ‘ಅಗ್ನಿಚೂರ್ಣ’ ಕಣ್ಣಿಗೆ ಕಾಣುವುದನ್ನು ಹೇಳುತ್ತದೆ, ‘ಮದ್ದು’ ಅದನ್ನು ಮಾಡುವ ಬಗೆಯನ್ನು ಹೇಳುತ್ತದೆ.

ಇನ್ನೊಂದು ಕಾರಣ ಪದದ ಒಳಗೇ ಇತ್ತು. ಕೋವಿ ಬರುವ ಮೊದಲೇ ಮದ್ದು ಪೂರ್ತಿ ಸಾಧುವಾಗಿರಲಿಲ್ಲ. ಮಂಗರಾಜನ ‘ಖಗೇಂದ್ರಮಣಿದರ್ಪಣ’ 14ನೇ ಶತಮಾನದ್ದು. ಇಡೀ ಗ್ರಂಥವೇ ವಿಷ ಮತ್ತು ಅದಕ್ಕೆ ಮದ್ದಿನ ಕುರಿತದ್ದು. ‘ಮದ್ದು ಕೊಟ್ಟರು’ ಎಂದರೆ ವೈದ್ಯ, ‘ಮದ್ದು ಹಾಕಿದರು’ ಎಂದರೆ ಊಟದಲ್ಲಿ ವಿಷ. ಕ್ರಿಯಾಪದವೊಂದು ಬದಲಾದರೆ ಸಾಕು, ಪೊಲೀಸರು ಬರುತ್ತಾರೆ.

ಎರಡೂ ಮದ್ದು ತಿಂಗಳ ಅಂತರದಲ್ಲಿ ಸಿಗುವ ಊರು ನೋಡಬೇಕಾದರೆ ಕೊಡಗಿಗೆ ಹೋಗಬೇಕು. ಆಗಸ್ಟ್ 3ರ ಹೊತ್ತಿಗೆ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅಂದು ಮದ್ದುಸೊಪ್ಪಿನಲ್ಲಿ ಹದಿನೆಂಟು ಔಷಧಗಳು ಸೇರುತ್ತವೆಂದು ನಂಬಿ ಅದರ ರಸದಲ್ಲಿ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. (ಮರುದಿನ ಮೂತ್ರವೂ ಬಣ್ಣಕ್ಕೆ ತಿರುಗುತ್ತದೆ, ಹೊಸಬರು ಗಾಬರಿಯಾಗಬಾರದು.) ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್ ಹಬ್ಬ. ನಾಟಿ ಮುಗಿಸಿದವರು ಕೋವಿಗಳನ್ನು ಪೂಜೆಗಿಟ್ಟು, ನಳಿಗೆಗೆ ತೋಕ್‌ಪೂ ಸಿಕ್ಕಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ಬೆಂಕಿಯ ನಾಲಿಗೆಯಂತಿರುವ ಈ ಅಗ್ನಿಶಿಖೆ ಹೂವಿನ ಗೆಡ್ಡೆ ಕಡುವಿಷ. ಸಂಧಿವಾತಕ್ಕೆ ಕೊಡುವ ಕಾಲ್ಚಿಸಿನ್ ಎಂಬ ಔಷಧವೂ ಅದರಲ್ಲೇ ಇದೆ.

ಅಳತೆಯ ಮಾತಿಗೆ ಬರೋಣ. ಹಳೆಯ ಶಾಟ್‌ಗನ್ ಬರಹಗಳಲ್ಲಿ ಮದ್ದಿನ ಲೆಕ್ಕ ಡ್ರಾಮ್‌ನಲ್ಲಿ. ಔಷಧದಂಗಡಿಯ ಡ್ರಾಮ್ 60 ಗ್ರೇನ್, ಕೋವಿಯವರ ಡ್ರಾಮ್ 27 ಗ್ರೇನ್ ಚಿಲ್ಲರೆ; ಹೆಸರು ಒಂದೇ, ತೂಕ ಬೇರೆ. ದೊಡ್ಡ ಗಂಡಾಂತರ ಇದಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದು ಮಾಡಿದ ಮೇಲೆ ಪುಡಿಯೇ ಬದಲಾಯಿತು. ಮೂರು ಡ್ರಾಮ್ ಕಪ್ಪು ಮದ್ದು ಎಂದರೆ 82 ಗ್ರೇನ್. ಅದೇ ವೇಗಕ್ಕೆ ಹೊಗೆಯಿಲ್ಲದ ಸಾಂದ್ರ ಮದ್ದು ಅದರ ಮೂರನೇ ಒಂದು ಪಾಲಿನಷ್ಟೂ ಬೇಡ. ಹಳೆಯ ಅಳತೆಯ ಬಟ್ಟಲಲ್ಲೇ ಹೊಸ ಮದ್ದು ತುಂಬಿದರೆ ನಳಿಗೆ ಕೈಯಲ್ಲೇ ಸೀಳುತ್ತದೆ. ತೋಟಾ ಪೆಟ್ಟಿಗೆಯ ಮೇಲೆ ಈಗಲೂ ಕಾಣುವ ‘ಮೂರು ಡ್ರಾಮ್ ಸಮಾನ’ ಎಂಬ ನಮೂದು ಮದ್ದಿನ ತೂಕವಲ್ಲ, ಅಷ್ಟು ಕಪ್ಪು ಮದ್ದು ಕೊಡುತ್ತಿದ್ದ ವೇಗ. ಆದ್ದರಿಂದಲೇ ಹಳೆಯ ಬಲ್ಲವರನ್ನು ಅವರ ಎಚ್ಚರಕ್ಕಾಗಿ ಓದಬೇಕು, ಕೋಷ್ಟಕ ನಕಲು ಮಾಡಲು ಅಲ್ಲ. ಕಡಿಮೆಯಿಂದ ಶುರುಮಾಡು, ತುಸುತುಸುವೇ ಏರಿಸು ಎಂಬ ಅವರ ಪಾಠ ಮಾತ್ರ ಹಳತಾಗಿಲ್ಲ.

ಇತ್ತ ಕನ್ನಡದಲ್ಲಿ ಮದ್ದಿನ ಸಾಧು ಮುಖ ಮಾಸುತ್ತಿದೆ. ಪೇಟೆಯಲ್ಲಿ ಅಂಗಡಿ ‘ಮೆಡಿಕಲ್’ ಆಯಿತು, ನುಂಗುವುದು ‘ಮಾತ್ರೆ’ ಆಯಿತು; ಆ ಪದಕ್ಕೂ ಅಳತೆ ಎಂಬ ಅರ್ಥವಿರುವುದು ಬೇರೆ ಮಾತು. ಕೆಂಡದ ಮುಖ ಮಾತ್ರ ಅಲುಗಾಡಿಲ್ಲ. ಕಲ್ಲುಕ್ವಾರಿಯಲ್ಲಿ ಸಿಡಿಮದ್ದು, ಕರಾವಳಿಯ ಜಾತ್ರೆಯಲ್ಲಿ ಸುಡುಮದ್ದು, ಪತ್ರಿಕೆಯಲ್ಲಿ ಮದ್ದುಗುಂಡು. ಶ್ರೀರಂಗಪಟ್ಟಣದಲ್ಲಿ ರೈಲಿನ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಆಚೆ ಸಾಗಿಸಿದಾಗಲೂ ಅದು ಆಸ್ಪತ್ರೆಯೇ ಎಂದು ಯಾರೂ ಕೇಳಲಿಲ್ಲ.