ಐದು ಗಾಳ, ಒಂದು ತಂಡ

ಕ್ರಿಕೆಟ್ ತಂಡದ ಆಯ್ಕೆಯಾದ ಮರುದಿನ ನಮ್ಮ ಹೋಟೆಲುಗಳಲ್ಲಿ ನಡೆಯುವ ಚರ್ಚೆ ಎಲ್ಲರಿಗೂ ಗೊತ್ತಿರುವುದೇ. ಇವನನ್ನು ಏಕೆ ಬಿಟ್ಟರು, ಅವನನ್ನು ಏಕೆ ಸೇರಿಸಿದರು, ರನ್ನು ಹೊಡೆದವನು ಮನೆಯಲ್ಲಿ ಕೂತಿರುವಾಗ ಹೊಡೆಯದವನು ವಿಮಾನ ಹತ್ತುವುದು ಯಾವ ನ್ಯಾಯ? ಕಾಫಿ ಆರಿಹೋದರೂ ವಾದ ಆರುವುದಿಲ್ಲ. ಇಂಗ್ಲೆಂಡಿನಲ್ಲಿ ಇದೇ ಬಿಸಿಯ ವಾದ ಇನ್ನೊಂದು ತಂಡದ ಬಗೆಗೂ ನಡೆಯುತ್ತದೆ. ಅದು ಗಾಳ ಹಾಕಿ ಮೀನು ಹಿಡಿಯುವವರ ರಾಷ್ಟ್ರೀಯ ತಂಡ.

ಮೀನು ಹಿಡಿಯಲು ರಾಷ್ಟ್ರೀಯ ತಂಡವೇ ಎಂದು ನಗಬೇಡಿ. ಗಾಳವೆಂದರೆ ನಮಗೆ ನೆನಪಾಗುವುದು ಕೆರೆಯ ಏರಿಯ ಮೇಲೆ ಮಧ್ಯಾಹ್ನವೆಲ್ಲ ಕೂತ ಸೋಮಾರಿ. ಇಲ್ಲವೇ ಕಾವೇರಿಯ ಮಹಶೀರ್ ಮೀನಿನೊಡನೆ ಗಂಟೆಗಟ್ಟಲೆ ಸೆಣಸಿದ ಶಿಕಾರಿ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಹಿಡಿದ 120 ಪೌಂಡಿನ ಮಹಶೀರಿನ ಕಥೆಯನ್ನು ಹಳಬರು ಇಂದಿಗೂ ಹೇಳುತ್ತಾರೆ. ಇಲ್ಲಿ ಹೇಳಹೊರಟಿರುವ ಆಟ ಇವೆರಡಕ್ಕೂ ದೂರ. ಇದರಲ್ಲಿ ಒಂದೊಂದು ಮೀನು ಕೆಲವೇ ಗ್ರಾಂ ತೂಗಬಹುದು. ನದಿಯ ಅಥವಾ ಕಾಲುವೆಯ ದಡದ ಉದ್ದಕ್ಕೂ ಗೂಟ ನೆಟ್ಟು ಸಂಖ್ಯೆ ಹಾಕುತ್ತಾರೆ. ಚೀಟಿ ಎತ್ತಿದಾಗ ಬಂದ ಸಂಖ್ಯೆಯ ಗೂಟದ ಬಳಿಯೇ ಸ್ಪರ್ಧಿ ಕೂರಬೇಕು, ಆಚೀಚೆ ಕದಲುವಂತಿಲ್ಲ. ಸೀಟಿ ಊದಿದಾಗ ಶುರು, ಕೆಲವು ಗಂಟೆಗಳ ನಂತರ ಮತ್ತೆ ಸೀಟಿ ಊದಿದಾಗ ಮುಕ್ತಾಯ. ಹಿಡಿದ ಮೀನುಗಳನ್ನು ನೀರಿನಲ್ಲೇ ಇಳಿಬಿಟ್ಟ ಉದ್ದನೆಯ ಬಲೆಚೀಲದಲ್ಲಿ ಜೀವಂತ ಇಟ್ಟು, ಕೊನೆಗೆ ತೂಗಿ, ಮತ್ತೆ ನೀರಿಗೇ ಬಿಡುತ್ತಾರೆ. ಯಾರೂ ಸಾರಿಗೆ ಒಯ್ಯುವುದಿಲ್ಲ!

ಇದು ಇಂಗ್ಲೆಂಡಿನ ದುಡಿಯುವ ಜನರ ಆಟ. ಸಾಲ್ಮನ್, ಟ್ರೌಟ್ ಮೀನುಗಳ ನೀರು ಸಿರಿವಂತರ ಸ್ವತ್ತಾಗಿದ್ದ ಕಾಲದಲ್ಲಿ ಶೆಫೀಲ್ಡಿನ ಉಕ್ಕಿನ ಕೆಲಸಗಾರರು, ಯಾರ್ಕ್‌ಶೈರಿನ ಗಣಿಯಾಳುಗಳು, ಲ್ಯಾಂಕಶೈರಿನ ಗಿರಣಿಯವರು ಉಳಿದ ಸಾಮಾನ್ಯ ಮೀನುಗಳತ್ತ ತಿರುಗಿದರು. ಅವರ ಸಂಖ್ಯಾಬಲ ಎಷ್ಟಿತ್ತೆಂದರೆ, ಮೊಟ್ಟೆಯಿಡುವ ಕಾಲದಲ್ಲಿ ಈ ಮೀನುಗಳಿಗೆ ರಕ್ಷಣೆ ಕೊಡುವ 1878ರ ಕಾಯಿದೆಯನ್ನು ಪಾರ್ಲಿಮೆಂಟಿನಲ್ಲಿ ಮಾಡಿಸಿದವರು ಶೆಫೀಲ್ಡಿನ ಸದಸ್ಯ ಮುಂಡೆಲ್ಲಾ. 1903ರಲ್ಲಿ ಈ ಗಾಳಗಾರರ ರಾಷ್ಟ್ರೀಯ ಒಕ್ಕೂಟ ಹುಟ್ಟಿತು. 1906ರಲ್ಲಿ ಥೇಮ್ಸ್ ನದಿಯ ಮೇಲೆ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. ಊರಿಗೊಂದು ಸಂಘ, ಸಂಘಕ್ಕೆ 12 ಜನರ ತಂಡ. ಇಂಥ ಪರಂಪರೆಯ ದೇಶ ಜಗತ್ತಿನ ಎದುರು ನಿಂತಾಗ ಗೆಲ್ಲಲೇಬೇಕಲ್ಲವೆ?

ಗೆಲ್ಲಲಿಲ್ಲ. ಅಥವಾ ವಿಚಿತ್ರ ರೀತಿಯಲ್ಲಿ ಗೆದ್ದಿತು. ಗಾಳಗಾರಿಕೆಯ ಅಂತರರಾಷ್ಟ್ರೀಯ ಒಕ್ಕೂಟ 1952ರಲ್ಲಿ ರೋಮಿನಲ್ಲಿ ಸ್ಥಾಪನೆಯಾಯಿತು. ವಿಶ್ವ ಚಾಂಪಿಯನ್‌ಷಿಪ್ 1957ರಲ್ಲಿ ಬೆಲ್ಜಿಯಮ್ಮಿನ ಲಿಯೇಜ್‌ನಲ್ಲಿ ಆರಂಭವಾಯಿತು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಬಿಲ್ಲಿ ಲೇನ್ 1963ರಲ್ಲಿ, ರಾಬಿನ್ ಹ್ಯಾರಿಸ್ 1969ರಲ್ಲಿ, ಇಯಾನ್ ಹೀಪ್ಸ್ 1975ರಲ್ಲಿ, ಡೇವ್ ಥಾಮಸ್ 1981ರಲ್ಲಿ, ಕೆವಿನ್ ಆಶರ್ಸ್ಟ್ 1982ರಲ್ಲಿ ವೈಯಕ್ತಿಕ ವಿಶ್ವ ಚಾಂಪಿಯನ್ನರಾದರು. ಇದೇ ಅವಧಿಯಲ್ಲಿ ತಂಡವಾಗಿ ಇಂಗ್ಲೆಂಡ್ ಗೆದ್ದ ವಿಶ್ವ ಪ್ರಶಸ್ತಿಗಳ ಸಂಖ್ಯೆ ಸೊನ್ನೆ. ಫ್ರಾನ್ಸ್, ಬೆಲ್ಜಿಯಂ, ಇಟಲಿಗಳು ಮತ್ತೆ ಮತ್ತೆ ಗೆದ್ದವು. ಪುಟ್ಟ ಲಕ್ಸೆಂಬರ್ಗ್ ಕೂಡ 1977 ಮತ್ತು 1984ರಲ್ಲಿ ಗೆದ್ದಿತು. 1981ರ ಕೂಟವಂತೂ ಇಂಗ್ಲೆಂಡಿನದೇ ನೀರಿನಲ್ಲಿ, ವಾರಿಕ್‌ಶೈರಿನ ಏವನ್ ನದಿಯ ಲಡಿಂಗ್ಟನ್ ಎಂಬಲ್ಲಿ ನಡೆದಿತ್ತು. ತಮ್ಮವನೇ ಚಾಂಪಿಯನ್, ಆದರೆ ತಂಡದ ಬಟ್ಟಲು ಫ್ರೆಂಚರ ಕೈಯಲ್ಲಿ. ದಡದಲ್ಲಿ ನಿಂತಿದ್ದ ಜನ ಚಪ್ಪಾಳೆ ತಟ್ಟಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದಂತಾಗಿರಬೇಕು.

ಇದರ ಗುಟ್ಟು ಅಂಕಗಳ ಲೆಕ್ಕದಲ್ಲಿದೆ. ವಿವರಗಳು ಕಾಲಕಾಲಕ್ಕೆ ಬದಲಾಗಿದ್ದರೂ ಇಂದಿನ ಪದ್ಧತಿ ಸ್ಥೂಲವಾಗಿ ಹೀಗಿದೆ. ದಡವನ್ನು ಐದು ವಿಭಾಗಗಳಾಗಿ ಮಾಡುತ್ತಾರೆ. ಪ್ರತಿ ದೇಶದ ಐವರಲ್ಲಿ ಒಬ್ಬೊಬ್ಬರು ಒಂದೊಂದು ವಿಭಾಗಕ್ಕೆ. ತನ್ನ ವಿಭಾಗದಲ್ಲಿ ಹೆಚ್ಚು ತೂಕದ ಮೀನು ಹಿಡಿದವನಿಗೆ 1 ಅಂಕ, ಎರಡನೆಯವನಿಗೆ 2, ಇಪ್ಪತ್ತನೆಯವನಿಗೆ 20. ಐವರ ಅಂಕಗಳನ್ನು ಕೂಡುತ್ತಾರೆ, ಎರಡು ದಿನ ಹೀಗೆ ನಡೆಯುತ್ತದೆ, ಕಡಿಮೆ ಅಂಕದ ತಂಡ ಗೆಲ್ಲುತ್ತದೆ. ಒಂದು ತಂಡದ ಮೂವರು ತಮ್ಮ ವಿಭಾಗಗಳನ್ನು ಗೆದ್ದು ಉಳಿದಿಬ್ಬರು ಇಪ್ಪತ್ತನೆಯವರಾದರು ಎನ್ನಿ. ಒಟ್ಟು 43. ಇನ್ನೊಂದು ತಂಡದಲ್ಲಿ ಒಬ್ಬನೂ ಗೆಲ್ಲಲಿಲ್ಲ, ಐವರೂ ಐದನೆಯವರಾದರು. ಒಟ್ಟು 25. ಮೂವರು ಶೂರರಿದ್ದ ತಂಡ ಬರಿಗೈಲಿ ಮನೆಗೆ ಹೋಗುತ್ತದೆ.

ಈ ಲೆಕ್ಕ ಇಂಗ್ಲಿಷ್ ಗಾಳಗಾರನ ರಕ್ತಕ್ಕೇ ವಿರುದ್ಧವಾದದ್ದು. ಅವನು ವಾರಾಂತ್ಯಗಳಲ್ಲಿ ಆಡಿ ಬೆಳೆದದ್ದು ಪ್ರವೇಶಧನ ಕಟ್ಟಿ ಯಾರು ಬೇಕಾದರೂ ಸೇರುವ ಮುಕ್ತ ಪಂದ್ಯಗಳಲ್ಲಿ. ಅಲ್ಲಿ ಹಣವೆಲ್ಲ ಮೊದಲ ಕೆಲವರಿಗೆ. ಇಪ್ಪತ್ತನೆಯವನಾದರೂ ಎಂಬತ್ತನೆಯವನಾದರೂ ಒಂದೇ. ಆದ್ದರಿಂದ ಜಾಣನಾದವನು ಸಣ್ಣ ಮೀನುಗಳನ್ನು ಬಿಟ್ಟು, ಬಂದರೆ ಬೆಟ್ಟ ಎಂದು ದೊಡ್ಡ ಮೀನಿಗಾಗಿ ಕಾಯುತ್ತಾನೆ. ಹತ್ತರಲ್ಲಿ ಒಂಬತ್ತು ಸಲ ಖಾಲಿ ಬಲೆ ಎತ್ತಿದರೂ ಹತ್ತನೆಯ ಸಲ ಗೆದ್ದರೆ ಅವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಪತ್ರಿಕೆಯಲ್ಲಿ ಬಂದ ಹೆಸರೇ ಜನರ ಬಾಯಲ್ಲಿ ರಾಷ್ಟ್ರೀಯ ತಂಡದ ಹೆಸರೂ ಆಗುತ್ತದೆ. ಆದರೆ ತಂಡಕ್ಕೆ ಬೇಕಾದವನು ಇವನಲ್ಲ. ಬೇಕಾದವನು ಎಂಥ ಕೆಟ್ಟ ಗೂಟ ಸಿಕ್ಕರೂ ಬೆರಳುದ್ದದ ಮೀನುಗಳನ್ನು ಒಂದರ ಹಿಂದೊಂದು ಎತ್ತುತ್ತ, ಎಂಟನೆಯ ಸ್ಥಾನವನ್ನು ಆರನೆಯದಕ್ಕೆ ಏರಿಸಲು ಕೊನೆಯ ನಿಮಿಷದವರೆಗೂ ಬೆವರು ಸುರಿಸುವವನು. ಅವನ ಹೆಸರನ್ನು ಯಾವ ಪತ್ರಿಕೆಯೂ ದೊಡ್ಡಕ್ಷರದಲ್ಲಿ ಹಾಕುವುದಿಲ್ಲ.

ಇದಲ್ಲದೆ ಕೈಚಳಕದ ಪ್ರಶ್ನೆಯೂ ಇತ್ತು. ಯುರೋಪಿನ ನೆಲದಲ್ಲಿ ರಾಟೆಯಿಲ್ಲದ, ತುಂಡು ತುಂಡಾಗಿ ಜೋಡಿಸುವ ಉದ್ದ ಕೋಲು ರೂಢಿಯಲ್ಲಿತ್ತು. ಇಂಗ್ಲಿಷರ ಕೈ ರಾಟೆಯ ಕೋಲಿಗೆ ಪಳಗಿತ್ತು. ಫ್ರೆಂಚರು, ಬೆಲ್ಜಿಯನ್ನರು ಗಾಳಕ್ಕೆ ಸಿಕ್ಕಿಸುತ್ತಿದ್ದುದು ಕೆಸರಿನಲ್ಲಿ ಸಿಗುವ, ದಾರದೆಳೆಯಷ್ಟು ತೆಳುವಾದ ಕೆಂಪು ಹುಳು. ಸೊಳ್ಳೆಯ ದಾಯಾದಿಯಾದ ಒಂದು ನೊಣದ ಮರಿ ಅದು. ಇಂಗ್ಲೆಂಡಿನ ಅನೇಕ ಸಂಘಗಳು ತಮ್ಮ ನೀರಿನಲ್ಲಿ ಈ ಹುಳುವನ್ನು ನಿಷೇಧಿಸಿದ್ದವು. ಮನೆಯಲ್ಲಿ ಮುಟ್ಟಬಾರದ ಆಯುಧವನ್ನು ಹಿಡಿದು ಹೊರಗೆ ಯುದ್ಧ ಮಾಡು ಎಂದರೆ ಹೇಗೆ? ಲ್ಯಾಂಕಶೈರಿನ ಕಾಲುವೆಗಳ ಕಡೆಯವರು ಈ ವಿಷಯದಲ್ಲಿ ಸ್ವಲ್ಪ ಮುಂದಿದ್ದರು. 1982ರ ಚಾಂಪಿಯನ್ ಆಶರ್ಸ್ಟ್ ಆ ಸೀಮೆಯವರೇ. ಅವರ ತಂದೆ ಬೆನ್ನಿ ಆಶರ್ಸ್ಟ್ ಕೂಡ ದೊಡ್ಡ ಗಾಳಗಾರ. ನೊಣದ ಮರಿ ಗೂಡುಕಟ್ಟಿದ ಹಂತದಲ್ಲಿ ಅದನ್ನು ಎರೆಯಾಗಿ ಬಳಸುವುದನ್ನು ಜನಪ್ರಿಯಗೊಳಿಸಿದ ಕೀರ್ತಿ ಅವರದು.

ಹಾಗಾದರೆ ತಂಡವನ್ನು ಆರಿಸುವುದು ಹೇಗೆ? ಎರಡು ದಾರಿಗಳಿವೆ. ಇಟಲಿಯದು ಒಂದು ದಾರಿ. ಅಲ್ಲಿ ರಾಷ್ಟ್ರೀಯ ಪಂದ್ಯಗಳಲ್ಲಿ ಮೇಲೆ ಬಂದವರು ‘ಕ್ಲಬ್ ಅಜ್ಜುರ್ರೊ’ ಅಂದರೆ ನೀಲಿ ಅಂಗಿಯವರ ಕೂಟ ಎಂಬ ಗುಂಪನ್ನು ಸೇರುತ್ತಾರೆ. ಈ ಗುಂಪಿನವರು ತಮ್ಮೊಳಗೇ ಆಯ್ಕೆ ಪಂದ್ಯಗಳನ್ನು ಆಡುತ್ತಾರೆ. ಅದನ್ನು ನೋಡಿ ತಂಡದ ತಾಂತ್ರಿಕ ಮುಖ್ಯಸ್ಥ ಹೆಸರುಗಳನ್ನು ಆರಿಸುತ್ತಾನೆ. ಗೆದ್ದು ಬಾ, ಆಮೇಲೆ ಮಾತು ಎನ್ನುವ ನ್ಯಾಯ.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಒಬ್ಬ ವ್ಯವಸ್ಥಾಪಕನಿಗೆ ಅಧಿಕಾರ. ಇಂಥ ಪಂದ್ಯ ಗೆದ್ದರೆ ತಂಡದಲ್ಲಿ ಜಾಗ ಎಂಬ ನಿಯಮವಿಲ್ಲ. ವ್ಯವಸ್ಥಾಪಕ ದಡಗಳಲ್ಲಿ ಅಲೆಯುತ್ತಾನೆ, ಬೆನ್ನ ಹಿಂದೆ ನಿಂತು ನೋಡುತ್ತಾನೆ, ವಿಚಾರಿಸುತ್ತಾನೆ, ಕೊನೆಗೆ ಫೋನು ಮಾಡುತ್ತಾನೆ. ಫೋನು ಬಂದವನು ಆಯ್ಕೆಯಾದವನು. ಇದು ಗೆಳೆಯರ ಗುಂಪಾಗುತ್ತದೆ, ಹಳಬರು ಜಾಗ ಬಿಡುವುದಿಲ್ಲ, ಹೊಸಬನಿಗೆ ಬಾಗಿಲು ಯಾವುದೆಂದೇ ಗೊತ್ತಾಗುವುದಿಲ್ಲ ಎಂಬ ದೂರು ಇಂಥ ಪದ್ಧತಿಗೆ ತಪ್ಪಿದ್ದಲ್ಲ. ದೂರಿನಲ್ಲಿ ಹುರುಳಿದೆ. ಆದರೂ ಇಂಗ್ಲೆಂಡಿನ ಕಾಯಿಲೆಗೆ ಈ ಮದ್ದೇ ಸರಿ ಇತ್ತೆಂದು ನನಗನ್ನಿಸುತ್ತದೆ. ಆಯ್ಕೆಗೆಂದು ಪಂದ್ಯ ಇಟ್ಟರೆ ಅದನ್ನು ಗೆಲ್ಲುವವನು ಮತ್ತೆ ಗೆಲ್ಲುವುದಕ್ಕಾಗಿಯೇ ಆಡುವವನು. ಆರನೆಯ ಸ್ಥಾನಕ್ಕಾಗಿ ಹೋರಾಡುವ ಗುಣವನ್ನು ಯಾವ ತಕ್ಕಡಿ ತೂಗೀತು? ಅದನ್ನು ಕಣ್ಣಿನಿಂದಲೇ ನೋಡಬೇಕು.

ಹಾಗೆ ನೋಡಿದ ಕಣ್ಣು ಡಿಕ್ ಕ್ಲೆಗ್ ಅವರದು. ಎಂಬತ್ತು ಮತ್ತು ತೊಂಬತ್ತರ ದಶಕಗಳಲ್ಲಿ ಇಂಗ್ಲೆಂಡ್ ತಂಡವನ್ನು ನಡೆಸಿದ ಇವರ ಹೆಸರು ಆ ದೇಶದ ಗಾಳಗಾರಿಕೆಯ ಚರಿತ್ರೆಯಲ್ಲಿ ಚಾಂಪಿಯನ್ನರ ಹೆಸರಿನಷ್ಟೇ ದೊಡ್ಡದು. 1985ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಆರ್ನೊ ನದಿಯಲ್ಲಿ ಇಂಗ್ಲೆಂಡ್ ಮೊದಲ ಬಾರಿಗೆ ತಂಡವಾಗಿ ವಿಶ್ವ ಪ್ರಶಸ್ತಿ ಗೆದ್ದಿತು. ಡೇವ್ ರೋಪರ್ ವೈಯಕ್ತಿಕ ಚಾಂಪಿಯನ್ನೂ ಆದರು. 28 ವರ್ಷಗಳ ಬರ ಮುಗಿಯಿತು. 1987ರಲ್ಲಿ ಪೋರ್ಚುಗಲ್‌ನಲ್ಲಿ ಮತ್ತೆ ಗೆದ್ದರು, 1988ರಲ್ಲಿ ಬೆಲ್ಜಿಯಮ್ಮಿನಲ್ಲಿ ಇನ್ನೊಮ್ಮೆ. 1987ರ ಗೆಲುವಿನಲ್ಲಿ ವೈಯಕ್ತಿಕ ಪ್ರಶಸ್ತಿ ಪಡೆದವರು ಇಂಗ್ಲೆಂಡಿನವರಲ್ಲ, ವೇಲ್ಸಿನ ಕ್ಲೈವ್ ಬ್ರಾನ್ಸನ್. ಹಳೆಯ ಕಥೆ ತಲೆಕೆಳಗಾಗಿತ್ತು. ಆದರೆ ವಿಧಿಗೂ ತಮಾಷೆಯ ಬುದ್ಧಿಯಿದೆ. 1989ರಲ್ಲಿ ಬಲ್ಗೇರಿಯಾದಲ್ಲಿ ಇಂಗ್ಲೆಂಡಿನ ಟಾಮ್ ಪಿಕರಿಂಗ್ ವಿಶ್ವ ಚಾಂಪಿಯನ್ನರಾದರು, ತಂಡದ ಪ್ರಶಸ್ತಿ ಪಡೆದದ್ದು ವೇಲ್ಸ್! ಆರಿಸಿಕೊಳ್ಳಲು ಇಂಗ್ಲೆಂಡಿಗಿರುವ ಜನಸಂಖ್ಯೆಯ ಒಂದು ಮೂಲೆಯಷ್ಟೂ ಇಲ್ಲದ ನಾಡು ಅದು. ತಂಡಕ್ಕೆ ಬೇಕಾದದ್ದು ಸಾವಿರಾರು ಗಾಳಗಾರರಲ್ಲ, ಒಂದೇ ಮಾತಿಗೆ ಕಿವಿಗೊಡುವ ಐವರು.

ಆ ಐವರು ಸಿದ್ಧವಾಗುವುದು ಪಂದ್ಯಕ್ಕೆ ಮುಂಚಿನ ಅಭ್ಯಾಸದ ವಾರದಲ್ಲಿ. ವಾರವೆಲ್ಲ ಅದೇ ನೀರಿನಲ್ಲಿ ಕೂತು ಪ್ರಯೋಗ ಮಾಡುತ್ತಾರೆ. ಮೇವಿನ ಹಿಟ್ಟಿಗೆ ಎಷ್ಟು ಮಣ್ಣು ಬೆರೆಸಿದರೆ ಉಂಡೆ ತಳ ಮುಟ್ಟಿದ ಮೇಲೆ ಒಡೆಯುತ್ತದೆ, ಬೆಂಡು ಎಷ್ಟು ಭಾರದ್ದಿರಬೇಕು, ಮೀನು ದಡದ ಬಳಿಯೋ ಕೋಲಿನ ತುದಿಯಾಚೆಯೋ. ಸಂಜೆ ಎಲ್ಲರೂ ತಮಗೆ ತಿಳಿದದ್ದನ್ನು ಬಿಚ್ಚಿ ಹೇಳಬೇಕು. ಮುಕ್ತ ಪಂದ್ಯಗಳಲ್ಲಿ ಗುಟ್ಟನ್ನು ಹೆಂಡತಿಗೂ ಹೇಳದ ಜನ ಇವರು ಎಂಬುದನ್ನು ನೆನಪಿಡಿ. ಕೊನೆಗೆ ಒಂದು ಯೋಜನೆ ಸಿದ್ಧವಾಗುತ್ತದೆ, ಅದನ್ನು ಒಪ್ಪದವನೂ ಅದರಂತೆಯೇ ಆಡಬೇಕು. ಯಾರು ಯಾವ ವಿಭಾಗಕ್ಕೆ ಎಂಬುದು ವ್ಯವಸ್ಥಾಪಕನ ನಿರ್ಧಾರ, ವಿಭಾಗದೊಳಗಿನ ಗೂಟ ಮಾತ್ರ ಚೀಟಿಯ ಕೃಪೆ. ಪಂದ್ಯದ ಹೊತ್ತಿನಲ್ಲಿ ದಡದ ಮೇಲೆ ಓಡಾಡುವ ಸಹಾಯಕರು ಒಂದು ವಿಭಾಗದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತಾರೆ.

ಹೀಗೆ ಪಳಗಿದ ಗುಂಪಿನ ಮುಖವಾದವರು ಬಾಬ್ ನಡ್. 1990, 1991, 1994 ಮತ್ತು 1999ರಲ್ಲಿ, ನಾಲ್ಕು ಸಲ ವಿಶ್ವ ಚಾಂಪಿಯನ್. 1994ರ ಕೂಟ ನಾಟಿಂಗ್‌ಹ್ಯಾಮ್ ಬಳಿಯ ಹೋಮ್ ಪಿಯರ್‌ಪಾಂಟ್‌ನಲ್ಲಿ ನಡೆಯಿತು. 1981ರ ನಂತರ ಮತ್ತೆ ಸ್ವಂತ ನೆಲ. ಈ ಸಲ ಚಾಂಪಿಯನ್ನೂ ತಮ್ಮವನೇ, ತಂಡದ ಬಟ್ಟಲೂ ತಮ್ಮದೇ. ಆದರೂ ಹಳೆಯ ಒಗಟು ಪೂರ್ತಿ ಬಿಡಿಸಿತೆಂದಲ್ಲ. ಬಾರ್ನ್ಸ್‌ಲೆಯ ಅಲನ್ ಸ್ಕಾಟ್‌ಥಾರ್ನ್ 1996ರಿಂದ 1998ರವರೆಗೆ ಸತತ ಮೂರು ಸಲ ಗೆದ್ದರು, 2003 ಮತ್ತು 2007ರಲ್ಲಿ ಮತ್ತೆರಡು ಸಲ. ಅವುಗಳಲ್ಲಿ ಮೊದಲ ಎರಡು ವರ್ಷ ತಂಡದ ಪ್ರಶಸ್ತಿ ಇಟಲಿಗೇ ಹೋಯಿತು.

ಈಗ ಆಯ್ಕೆಗಾರನ ಕಷ್ಟ ಬೇರೆ ಬಗೆಯದು. ತೊಂಬತ್ತರ ದಶಕದಿಂದೀಚೆಗೆ ಇಂಗ್ಲೆಂಡಿನ ವಾರಾಂತ್ಯದ ಪಂದ್ಯಗಳು ನದಿ, ಕಾಲುವೆಗಳನ್ನು ಬಿಟ್ಟು, ಕಾರ್ಪ್ ಮೀನು ತುಂಬಿಸಿದ ಖಾಸಗಿ ಕೊಳಗಳತ್ತ ಸರಿದಿವೆ. ಅಲ್ಲಿ ಮೀನು ದಪ್ಪ, ಹುರಿ ದಪ್ಪ, ಗೆಲುವು ಹತ್ತಾರು ಕಿಲೋಗಳ ಲೆಕ್ಕ. ಅಲ್ಲಿನ ವೀರನನ್ನು ಯುರೋಪಿನ ಯಾವುದೋ ಕಾಲುವೆಯಲ್ಲಿ ಕೂರಿಸಿ ಗ್ರಾಂ ಲೆಕ್ಕದ ಮೀನು ಹಿಡಿ ಎಂದರೆ ಅವನು ಹೊಸ ವಿದ್ಯಾರ್ಥಿ. ಹಳೆಯ ಒಕ್ಕೂಟ 2009ರಲ್ಲಿ ಆಂಗ್ಲಿಂಗ್ ಟ್ರಸ್ಟ್ ಎಂಬ ಸಂಸ್ಥೆಯಲ್ಲಿ ವಿಲೀನವಾಯಿತು. ಅದರಡಿ ಮಹಿಳೆಯರಿಗೆ, ಕಿರಿಯರಿಗೆ, ಹಿರಿಯರಿಗೆ ಬೇರೆ ಬೇರೆ ತಂಡಗಳಿವೆ. ಮೇವಿನ ಬುಟ್ಟಿ ಕಟ್ಟಿ ದೂರ ಎಸೆಯುವ ಫೀಡರ್ ಪದ್ಧತಿಗೂ ಪ್ರತ್ಯೇಕ ತಂಡವಿದೆ.

ಈ ತಂಡಗಳ ಕಥೆಯಲ್ಲಿ ನನ್ನ ಕುತೂಹಲ ಕೆರಳಿಸುವವನು ಆರನೆಯವನು. ವಿಶ್ವ ಕೂಟಕ್ಕೆ ಐವರ ಜೊತೆ ಒಬ್ಬ ಮೀಸಲು ಗಾಳಗಾರನೂ ಹೋಗುತ್ತಾನೆ. ಕೆಲಸಕ್ಕೆ ರಜೆ ಹಾಕಿ ಬಂದಿರುತ್ತಾನೆ, ವಾರವೆಲ್ಲ ಉಳಿದವರಷ್ಟೇ ಅಭ್ಯಾಸ ಮಾಡಿರುತ್ತಾನೆ, ತನ್ನ ಗುಟ್ಟುಗಳನ್ನೂ ಬಿಟ್ಟುಕೊಟ್ಟಿರುತ್ತಾನೆ. ಪಂದ್ಯದ ಮುಂಚಿನ ಸಂಜೆ ಹೆಸರು ಓದಿದಾಗ ಅವನದು ಬರುವುದಿಲ್ಲ. ಮರುದಿನ ಬೆಳಗ್ಗೆ ಬೇರೆಯವರಿಗಾಗಿ ಹಿಟ್ಟು ಜರಡಿ ಹಿಡಿದು, ಹುಳು ಅಳೆದು ಕೊಟ್ಟು, ಬೇಲಿಯಾಚೆ ನಿಂತು ಬೆಂಡು ಮುಳುಗುವುದನ್ನು ನೋಡುತ್ತಾನೆ. ಮೊದಲ ದಿನ ಯಾರಾದರೂ ಎಡವಿದರೆ ಎರಡನೆಯ ದಿನ ಅವನಿಗೆ ಕರೆ ಬರಬಹುದು. ಆದ್ದರಿಂದ ಶನಿವಾರ ರಾತ್ರಿ ತನ್ನ ಪೆಟ್ಟಿಗೆಯನ್ನೂ ಅವನು ಜೋಡಿಸಿ ಇಟ್ಟಿರುತ್ತಾನೆ.