ಚರ್ಚಿನ ನೆಲದ ಮೇಲೆ ಸೂರ್ಯನ ಗೆರೆ

ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನ ಒಳಗೆ ಹೋದವರಿಗೆ ಇದು ಗೊತ್ತಿರುತ್ತೆ. ಮೇಲೆ ತಗಡಿನ ಶೀಟಲ್ಲಿ ಎಲ್ಲೋ ಒಂದು ಮೊಳೆ ಕಿತ್ತ ತೂತು. ಅಲ್ಲಿಂದ ಬಿಸಿಲ ಕೋಲು ಇಳಿದು ನೆಲದ ಮೇಲೆ ಒಂದು ಬಿಲ್ಲೆ. ತೂತು ಸೊಟ್ಟಗಿದ್ದರೂ ಬಿಲ್ಲೆ ದುಂಡಗೇ ಇರುತ್ತೆ. ಯಾಕಂದ್ರೆ ಅದು ತೂತಿನ ಆಕಾರ ಅಲ್ಲ, ಸೂರ್ಯನ ಚಿತ್ರ. ಚಿಕ್ಕವನಿದ್ದಾಗ ಅದನ್ನು ತುಳಿಯೋಕೆ ಓಡ್ತಿದ್ದೆ. 1655ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಕ್ಯಾಸಿನಿ ಎಂಬ ಪ್ರೊಫೆಸರ್ ಇಂಥದ್ದೇ ಒಂದು ಬಿಲ್ಲೆ ಹಿಡಿದು ಆಕಾಶದ ಲೆಕ್ಕ ತಪಾಸಣೆ ಮಾಡಿದರು. ಅದೂ ಚರ್ಚಿನೊಳಗೆ.

ಚರ್ಚಿಗೆ ಇದೆಲ್ಲ ಯಾಕೆ ಬೇಕಿತ್ತು? ಈಸ್ಟರ್ ಹಬ್ಬಕ್ಕೆ. ಹಗಲು ರಾತ್ರಿ ಸಮನಾಗುವ ಮಾರ್ಚ್ 21, ಆಮೇಲಿನ ಹುಣ್ಣಿಮೆ, ಅದರ ನಂತರದ ಭಾನುವಾರ: ಇದು ಅವರ ನಿಯಮ. ಆದರೆ ಹಳೆಯ ಜೂಲಿಯನ್ ಕ್ಯಾಲೆಂಡರಿನ ವರ್ಷ ಸುಮಾರು 11 ನಿಮಿಷ ಉದ್ದ. ಹನ್ನೊಂದು ನಿಮಿಷ ಏನು ಮಹಾ ಅನ್ನಬೇಡಿ, ನಾನು ಬಿ.ಕಾಂ. ಓದಿದವನು, ಬಡ್ಡಿ ಬೆಳೆಯೋದು ಹೀಗೇ. 16ನೇ ಶತಮಾನದ ಹೊತ್ತಿಗೆ ಸಮದಿನ ಮಾರ್ಚ್ 11ಕ್ಕೆ ಬಂದು ಕೂತಿತ್ತು. ಕೊನೆಗೆ 1582ರಲ್ಲಿ ಪೋಪ್ ಗ್ರೆಗರಿ ಹತ್ತು ದಿನ ಕತ್ತರಿಸಿದರು. ಅಕ್ಟೋಬರ್ 4 ಗುರುವಾರ ಮಲಗಿದವರು ಎದ್ದದ್ದು ಅಕ್ಟೋಬರ್ 15, ಶುಕ್ರವಾರ!

ಹೊಸ ಲೆಕ್ಕ ಸರಿಯಿದೆಯಾ ಅಂತ ನೋಡೋಕೂ ಒಂದು ಸಾಧನ ಬೇಕು. ಎತ್ತರ, ಕತ್ತಲು, ಅಲುಗಾಡದ ನೆಲ, ಮೂರೂ ಇದ್ದದ್ದು ದೊಡ್ಡ ಚರ್ಚುಗಳಲ್ಲಿ. ಬೊಲೋನ್ಯಾದ ಸ್ಯಾನ್ ಪೆಟ್ರೋನಿಯೋದಲ್ಲಿ ಎಗ್ನಾಸಿಯೋ ದಾಂತಿ ಎಂಬ ಪಾದ್ರಿ ಮೊದಲೇ ಒಂದು ಗೆರೆ ಹಾಕಿದ್ದರು. ಕಟ್ಟಡ ವಿಸ್ತರಿಸುವಾಗ ಅದು ಕೆಲಸಕ್ಕೆ ಬಾರದಂತಾಯ್ತು. ಕ್ಯಾಸಿನಿ ಹೊಸದು ಹಾಕಿದರು. ಮೇಲೆ 27 ಮೀಟರ್ ಎತ್ತರದಲ್ಲಿ 27 ಮಿಲಿಮೀಟರ್ ತೂತು. ಕೆಳಗೆ ದಕ್ಷಿಣದಿಂದ ಉತ್ತರಕ್ಕೆ ಸುಮಾರು 67 ಮೀಟರ್ ಗೆರೆ. ಕಂಬಗಳು ಅಡ್ಡ ಬರುತ್ತವೆ, ಆಗಲ್ಲ ಅಂದವರಿದ್ದರು. ಗೆರೆ ಕಂಬಗಳ ಸಂದಿಯಲ್ಲಿ ಕೂದಲೆಳೆಯಲ್ಲಿ ಪಾರಾಯಿತು. ಸೂರ್ಯ ನೆತ್ತಿಯ ಗೆರೆ ದಾಟುವ ಆ ಊರಿನ ನಿಜವಾದ ಮಧ್ಯಾಹ್ನಕ್ಕೆ ಬಿಲ್ಲೆಯೂ ಈ ಗೆರೆ ದಾಟುತ್ತೆ.

ನನಗೆ ರೋಮಾಂಚನ ಆಗಿದ್ದು ಮುಂದಿನ ಭಾಗ. ಗೆಲಿಲಿಯೋ ವಿಚಾರಣೆ ಆಗಿ 22 ವರ್ಷ ಅಷ್ಟೇ ಆಗಿತ್ತು, ಬೊಲೋನ್ಯಾ ಪೋಪರ ಆಳ್ವಿಕೆಯಲ್ಲೇ ಇತ್ತು. ಜನವರಿಯಲ್ಲಿ ಸೂರ್ಯ ದಿನಕ್ಕೆ ಸುಮಾರು 61 ಕಲೆ ಸರಿದರೆ ಜುಲೈನಲ್ಲಿ 57 ಕಲೆ, ಅಂದ್ರೆ ಹತ್ತಿರ ಹತ್ತಿರ ಶೇ. 7 ವ್ಯತ್ಯಾಸ. ವೇಗ ನಿಜಕ್ಕೂ ಬದಲಾಗಲ್ಲ, ದೂರದಿಂದ ಹಾಗೆ ಕಾಣುತ್ತೆ ಅನ್ನೋದು ಹಳೆಯ ವಾದ. ಹಾಗಿದ್ದರೆ ಬಿಂಬದ ಗಾತ್ರವೂ ಶೇ. 7ರಷ್ಟೇ ಹಿಗ್ಗಿ ಕುಗ್ಗಬೇಕು. ಅರ್ಧ ಮಾತ್ರ ದೂರದ್ದು, ಉಳಿದರ್ಧ ನಿಜವಾದ ವೇಗ ಅಂದಿದ್ದರು ಕೆಪ್ಲರ್, ಚರ್ಚು ಯಾರ ಪುಸ್ತಕವನ್ನು ನಿಷೇಧಿಸಿತ್ತೋ ಅವರೇ. ಕ್ಯಾಸಿನಿ ನೆಲದ ಮೇಲಿನ ಬಿಲ್ಲೆ ಅಳೆದರು. ಅರ್ಧವೇ ಬಂತು. ಭೂಮಿ ಸುತ್ತುತ್ತೆ ಅಂತ ಇದರಿಂದ ಸಾಬೀತಾಗಲಿಲ್ಲ ನಿಜ. ಆದರೆ ನಿಷೇಧಿತ ಪುಸ್ತಕದ ಲೆಕ್ಕ ಚರ್ಚಿನ ನೆಲದಲ್ಲೇ ತಾಳೆಯಾಯ್ತು.

ಇದೇ ಗೆರೆ ನಮ್ಮಲ್ಲಿ ಹಾಕಿದ್ದರೆ? ಕ್ಯಾಲ್ಕುಲೇಟರ್ ಹಿಡಿದು ಕೂತೆ. ಬೊಲೋನ್ಯಾದಲ್ಲಿ ಮಧ್ಯಾಹ್ನದ ಸೂರ್ಯ ಯಾವತ್ತೂ ದಕ್ಷಿಣಕ್ಕೇ. ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಹಾಗಲ್ಲ, ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ನೆತ್ತಿ ಮೇಲೆ ಬಂದು ನೆರಳನ್ನೇ ನುಂಗುತ್ತಾನೆ, ನಡುವೆ ಉತ್ತರಕ್ಕೆ ಹೋಗಿರುತ್ತಾನೆ. ಹಾಗಾಗಿ 67 ಮೀಟರ್ ಬೇಡ, ಸುಮಾರು 25 ಮೀಟರ್ ಸಾಕು: ತೂತಿನ ನೇರ ಕೆಳಗಿನಿಂದ ಉತ್ತರಕ್ಕೆ 21, ದಕ್ಷಿಣಕ್ಕೆ 4. ಮತ್ತೆ, ಮೊಬೈಲ್ ನೋಡಿ ಹನ್ನೆರಡಕ್ಕೆ ಗುರುತು ಹಾಕಿದರೆ ತಪ್ಪುತ್ತೆ. ಐಎಸ್‌ಟಿ ನಮಗಿಂತ ಪೂರ್ವದ ಮಿರ್ಜಾಪುರ ಕಡೆಯ ಸಮಯ. ನಮ್ಮ ಮಧ್ಯಾಹ್ನ ಸರಾಸರಿ 12 ಗಂಟೆ 23 ನಿಮಿಷಕ್ಕೆ, ನವೆಂಬರ್ ಶುರುವಲ್ಲಿ 12:07ರ ಹತ್ತಿರ, ಸಂಕ್ರಾಂತಿಗೆ 12:32ರ ಹತ್ತಿರ.

ಸಂಕ್ರಾಂತಿ ಅಂದೆನಲ್ಲ. "ಇವತ್ತಿಂದ ಸೂರ್ಯ ಉತ್ತರಕ್ಕೆ ತಿರುಗ್ತಾನೆ" ಅಂತ ಎಳ್ಳು ಬೆಲ್ಲ ಕೊಡ್ತೀವಿ. ಆತ ತಿರುಗಿ ಆಗಲೇ ಮೂರು ವಾರ ದಾಟಿರುತ್ತೆ, ಡಿಸೆಂಬರ್ 21 ಅಥವಾ 22ಕ್ಕೆ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ವರ್ಷ ಎಣಿಸುತ್ತೆ, ಆ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಒಂದೂ ಮುಕ್ಕಾಲು ಸಾವಿರ ವರ್ಷದ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು. ಮೇಘನಾದ ಸಹಾ ನೇತೃತ್ವದ ಸಮಿತಿ ಇದನ್ನೆಲ್ಲ ಪರಿಶೀಲಿಸಿ ವರದಿ ಕೊಟ್ಟಿತು, 1957ರ ಮಾರ್ಚ್ 22ರಿಂದ ಋತು ಆಧಾರಿತ ರಾಷ್ಟ್ರೀಯ ಕ್ಯಾಲೆಂಡರ್ ಬಂತು. ಹಬ್ಬಗಳು ಮಾತ್ರ ಹಳೆಯ ಲೆಕ್ಕದಲ್ಲೇ ಉಳಿದವು. ಹಬ್ಬದ ದಿನ ಬದಲಿಸಿ ಅಂತ ನಾನು ಹೇಳ್ತಿಲ್ಲ, ನಮ್ಮಜ್ಜಿ ಬಿಡಲ್ಲ. ಮಕ್ಕಳಿಗೆ ಹೇಳುವ ಕಾರಣ ಮಾತ್ರ ಸರಿ ಮಾಡ್ಕೋಬಹುದು.

ನಂಬಿಕೆ ಇಲ್ಲದಿದ್ದರೆ ಸೀಮೆಸುಣ್ಣ ತಗೊಳ್ಳಿ. ತಗಡಿನ ತೂತು 20 ಅಡಿ ಎತ್ತರದಲ್ಲಿದೆ ಅಂದ್ಕೊಳ್ಳಿ. ಡಿಸೆಂಬರ್ 21ರ ಮಧ್ಯಾಹ್ನ, ಗಡಿಯಾರದಲ್ಲಿ 12:21ರ ಸುಮಾರಿಗೆ, ಬಿಲ್ಲೆ ಬಿದ್ದ ಕಡೆ ಒಂದು ಗುರುತು. ಸಂಕ್ರಾಂತಿ ಮಧ್ಯಾಹ್ನ ಇನ್ನೊಂದು. ಎರಡನೆಯದು ಒಂದಡಿಗಿಂತ ಸ್ವಲ್ಪ ಹೆಚ್ಚೇ ದಕ್ಷಿಣಕ್ಕೆ ಬಂದಿರುತ್ತೆ.