ನಾಲ್ಕು ಅಗುಳಿನ ಲೆಕ್ಕ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಒಂದೇ ಪಾತ್ರೆಯಲ್ಲಿ ಕುದಿದ ಅಕ್ಕಿಗೆ ಅದು ಸರಿ. ಆದರೆ ಹತ್ತಾರು ಹೊಲಗಳಿಂದ ಬಂದ ಬಾರ್ಲಿಯ ಗುಣವನ್ನು ನಾಲ್ಕೇ ಮಾದರಿ ನೋಡಿ ಹೇಳಬಹುದೇ? ಹೇಳಿದರೆ ಎಷ್ಟು ನಂಬಬಹುದು?

ಸಂಭವನೀಯತಾ ಶಾಸ್ತ್ರದ ಈ ಪ್ರಶ್ನೆ ಎದ್ದದ್ದು ನಮ್ಮ ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಯಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರ ಓದಿದ ವಿಲಿಯಂ ಸೀಲಿ ಗಾಸೆಟ್ 1899ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ. ಬೆಳೆಯ ಪ್ರಯೋಗಕ್ಕೆ ವರ್ಷವೇ ಹಿಡಿಯುತ್ತದೆ. ಸಾವಿರ ಸಲ ಮಾಡಿ ನೋಡುವಂತಿಲ್ಲ. ಆಗಿನ ಸೂತ್ರಗಳೋ ದೊಡ್ಡ ಮಾದರಿಗಳಿಗಾಗಿ ಇದ್ದವು.

ಮಾದರಿ ಸಣ್ಣದಾದರೆ ಸರಾಸರಿಯಷ್ಟೇ ಅಲ್ಲ, ಅಂಕಿಗಳು ಎಷ್ಟು ಚದುರಿವೆ ಎಂಬ ಅಂದಾಜೂ ಅಲುಗಾಡುತ್ತದೆ. ಶೇಕಡಾ 95 ಭರವಸೆ ಬೇಕಾದರೆ ಸರಾಸರಿಯ ಆಚೀಚೆ ಪ್ರಮಾಣಿತ ದೋಷದ 1.96 ಪಟ್ಟು ಅಂತರ ಬಿಡಿ ಎನ್ನುತ್ತದೆ, ಎಲ್ಲರಿಗೂ ಗೊತ್ತಿರುವ ಗಂಟೆಯಾಕಾರದ ರೇಖೆ. ನಾಲ್ಕೇ ಮಾದರಿಯಿದ್ದರೆ 3.18 ಪಟ್ಟು ಬಿಡಬೇಕು ಎನ್ನುತ್ತದೆ ಗಾಸೆಟ್ ಕಂಡುಕೊಂಡ ದಾರಿ. ಮಾದರಿ ಹೆಚ್ಚಿದಂತೆ ಈ ವ್ಯತ್ಯಾಸ ಕರಗುತ್ತದೆ.

ತನ್ನ ಲೆಕ್ಕವನ್ನು ಆತ ಪರೀಕ್ಷಿಸಿದ ಬಗೆ ಸ್ವಾರಸ್ಯಕರ. 3000 ಅಪರಾಧಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದವನ್ನು ರಟ್ಟಿನ ಚೀಟಿಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಮಾದರಿ ಮಾಡಿದ. ನನ್ನಂಥ ಸಾಫ್ಟ್‌ವೇರಿನವರು ಈಗ ಕಂಪ್ಯೂಟರಿನಲ್ಲಿ ಕ್ಷಣಾರ್ಧದಲ್ಲಿ ಮಾಡುವ ಸಿಮ್ಯುಲೇಶನ್ನನ್ನು ಆತ ಕೈಯಲ್ಲೇ ಮಾಡಿದ್ದ.

ಕಾವ್ಯನಾಮಗಳು ನಮ್ಮ ಬಳಗಕ್ಕೆ ಹೊಸವಲ್ಲ, ಗಣಿತದಲ್ಲೂ ಅಂಥದ್ದೊಂದಿದೆ. ನೌಕರರು ಸ್ವಂತ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲ. ಹಾಗಾಗಿ 1908ರಲ್ಲಿ 'ಬಯೋಮೆಟ್ರಿಕಾ' ಪತ್ರಿಕೆಯಲ್ಲಿ ಆ ಲೇಖನ ಬಂದದ್ದು 'ಸ್ಟೂಡೆಂಟ್', ಅಂದರೆ ವಿದ್ಯಾರ್ಥಿ, ಎಂಬ ಹೆಸರಿನಲ್ಲಿ. ಗಾಸೆಟ್ 1937ರಲ್ಲಿ ತೀರಿಕೊಂಡ. ಪಠ್ಯಪುಸ್ತಕಗಳಲ್ಲಿ ಇಂದಿಗೂ ಅದು 'ಸ್ಟೂಡೆಂಟ್‌ನ ಟಿ'.

ಗಾಸೆಟ್ ಅರೆಬರೆ ಊಹೆಯಿಂದ ತಲುಪಿದ ಸೂತ್ರಕ್ಕೆ ಗಣಿತದ ರುಜುವಾತು ಕೊಟ್ಟವರು ಆರ್. ಎ. ಫಿಶರ್. ಅದೇ ಫಿಶರ್ ಬಳಿ ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾಡಿದವರು ಸಿ. ಆರ್. ರಾವ್, 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿ, 2023ರಲ್ಲಿ ತೀರಿಕೊಂಡ ಸಂಖ್ಯಾಶಾಸ್ತ್ರದ ಹಿರಿಯರು. ಡಬ್ಲಿನ್ನಿನ ಬಾರ್ಲಿಗೂ ಹಡಗಲಿಗೂ ನಡುವೆ ಒಬ್ಬರೇ ಗುರು!

ಕಡಿಮೆ ಕಂಡವರು ಮಾತಾಡಲೇಬಾರದು ಎಂದು ಗಾಸೆಟ್ ಹೇಳಲಿಲ್ಲ. ಎಷ್ಟು ಅನುಮಾನ ಇಟ್ಟುಕೊಂಡು ಮಾತಾಡಬೇಕು ಎಂಬುದನ್ನು ಲೆಕ್ಕ ಹಾಕಿ ತೋರಿಸಿದ. ಒಬ್ಬಿಬ್ಬರನ್ನು ನೋಡಿ ಒಂದಿಡೀ ನಾಡಿನವರೇ ಹೀಗೆ ಎಂದು ತೀರ್ಪು ಕೊಡುವ, ಕೇಳಿಸಿಕೊಳ್ಳುವ ವಲಸಿಗರಾದ ನಮಗೆ ಅದು ಗಣಿತಕ್ಕಷ್ಟೇ ಸೀಮಿತವಾದ ಪಾಠವಲ್ಲ.